ಹಳೆ ಬೈಕು, ಹೊಸ ಪೆಟ್ರೋಲು: ಕಾರ್ಬೊರೇಟರ್ ಬಿಚ್ಚುವ ಮೊದಲು

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಇ20 ಪೆಟ್ರೋಲನ್ನು, ಅಂದರೆ ಎಥನಾಲ್ ಅನ್ನುವ ಆಲ್ಕೋಹಾಲ್ 20 ಪರ್ಸೆಂಟ್ ಬೆರೆಸಿದ ಪೆಟ್ರೋಲನ್ನು, ಬಿಡುಗಡೆ ಮಾಡಿದರು. ಆಗ ಅದು ಸಿಗುತ್ತಿದ್ದದ್ದು ದೇಶದ 84 ಬಂಕ್‌ಗಳಲ್ಲಿ ಮಾತ್ರ. 2025ರ ಹೊತ್ತಿಗೆ ಬಹುತೇಕ ಕಡೆ ಅದೇ ಮಾಮೂಲಿ ಪೆಟ್ರೋಲ್ ಆಗಿಬಿಟ್ಟಿತು. ಹಳೆ ಬೈಕ್ ಇಟ್ಟುಕೊಂಡವರ ದೂರುಗಳೂ ಜಾಸ್ತಿಯಾದವು. ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಮಿಸ್ಸಿಂಗ್ ಹೊಡೀತಿದೆ, ಪಿಕಪ್ ಇಲ್ಲ. ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ: "ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡ್ಬೇಕು ಸಾರ್." ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಇಂಜಿನ್‌ಗೆ ಕಳಿಸುವ ಭಾಗವೇ ಕಾರ್ಬೊರೇಟರ್.

ಇದು ಎಲ್ಲರ ಸಮಸ್ಯೆ ಅಲ್ಲ. 2020ರ ಏಪ್ರಿಲ್ 1ರಿಂದ ಹೊಗೆ ಕಡಿಮೆ ಮಾಡುವ ಬಿಎಸ್6 ನಿಯಮ ಬಂತು. ಆಮೇಲೆ ಬಂದ ಬಹುಪಾಲು ಬೈಕ್‌ಗಳಲ್ಲಿ ಕಾರ್ಬೊರೇಟರ್ ಇಲ್ಲ, ಫ್ಯೂಯಲ್ ಇಂಜೆಕ್ಷನ್ ಇದೆ. ಅಲ್ಲಿ ಹೊಗೆ ಪೈಪಿನಲ್ಲಿರುವ ಸೆನ್ಸರ್ ಆಮ್ಲಜನಕ ಎಷ್ಟಿದೆ ಅಂತ ನೋಡುತ್ತದೆ, ಸಣ್ಣ ಕಂಪ್ಯೂಟರ್ ಪೆಟ್ರೋಲಿನ ಪ್ರಮಾಣವನ್ನು ಹೊಂದಿಸುತ್ತದೆ. ಅದಕ್ಕಿಂತ ಹಳೆಯ ಸ್ಪ್ಲೆಂಡರ್, ಆರ್‌ಎಕ್ಸ್ 100, ಯೆಜ್ಡಿ, ಬುಲೆಟ್‌ಗಳಲ್ಲಿ ಹೀಗೆ ಹೊಂದಿಸುವವರು ಯಾರೂ ಇಲ್ಲ. ಅಲ್ಲಿರೋದು ಹಿತ್ತಾಳೆಯ ಕೆಲವು ತೂತುಗಳು. ಅವುಗಳ ಅಳತೆ ಕಾರ್ಖಾನೆಯಲ್ಲಿ ತೀರ್ಮಾನ ಆಗಿದ್ದು, ಆಗಿನ ಪೆಟ್ರೋಲಿಗೆ ತಕ್ಕ ಹಾಗೆ.

ಹಾಗಾಗಿ ಭಾನುವಾರ ಬೆಳಿಗ್ಗೆ ಪಾರ್ಕಿಂಗ್‌ನಲ್ಲಿ ಸ್ಪ್ಯಾನರ್ ಹಿಡಿದು ಕೂರುವವರು ಮತ್ತೆ ಕಾಣಿಸುತ್ತಿದ್ದಾರೆ. ಮನೆಯಲ್ಲಿ ಮಾಡಲಾಗದ ಕೆಲಸ ಏನಲ್ಲ ಇದು. ಆದರೆ ಯಾವ ತೂತು ಯಾವ ಕೆಲಸಕ್ಕೆ ಅಂತ ಗೊತ್ತಿಲ್ಲದೆ ಸ್ಕ್ರೂ ತಿರುಗಿಸಿದರೆ ಸರಿ ಇದ್ದದ್ದೂ ಕೆಡುತ್ತದೆ.

ಪೆಟ್ರೋಲ್ ಮೇಲೆ ಏರೋದು ಹೇಗೆ

ದ್ರವ ರೂಪದ ಪೆಟ್ರೋಲ್ ಇಂಜಿನ್‌ನಲ್ಲಿ ಸರಿಯಾಗಿ ಉರಿಯುವುದಿಲ್ಲ. ಅದು ಸಣ್ಣ ಹನಿಗಳಾಗಿ ಒಡೆದು, ಆವಿಯಾಗಿ, ಗಾಳಿಯ ಜೊತೆ ಬೆರೆಯಬೇಕು. ಬೆರಕೆಯ ಲೆಕ್ಕವೂ ಮುಖ್ಯ. ಎಥನಾಲ್ ಇಲ್ಲದ ಪೆಟ್ರೋಲ್ 1 ಕೆಜಿ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಪೆಟ್ರೋಲ್ ಜಾಸ್ತಿಯಾದರೆ ಮೆಕ್ಯಾನಿಕ್‌ಗಳು 'ರಿಚ್' ಅನ್ನುತ್ತಾರೆ, ಕಡಿಮೆಯಾದರೆ 'ಲೀನ್'. ರಿಚ್ ಆದಾಗ ಪ್ಲಗ್ ಕಪ್ಪಾಗುತ್ತದೆ, ಹೊಗೆ ಬರುತ್ತದೆ, ಮೈಲೇಜ್ ಬೀಳುತ್ತದೆ. ಲೀನ್ ಆದಾಗ ಗಾಡಿ ಎಳೆಯುವುದಿಲ್ಲ, ಇಂಜಿನ್ ಕಾಯುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ.

ಕಾರ್ಬೊರೇಟರ್‌ನ ಕೆಳಭಾಗದಲ್ಲಿ ಒಂದು ಪುಟ್ಟ ಬಟ್ಟಲಿದೆ. ಅದೇ ಫ್ಲೋಟ್ ಬೌಲ್. ಮನೆಯ ಸಂಪಿನಲ್ಲಿ ಕಾವೇರಿ ನೀರು ತುಂಬಿದಾಗ ಬಾಲ್ ವಾಲ್ವ್ ಮೇಲೆದ್ದು ನೀರು ನಿಲ್ಲಿಸುತ್ತದಲ್ಲ, ಇಲ್ಲಿಯೂ ಅದೇ ಏರ್ಪಾಡು. ಪೆಟ್ರೋಲ್ ಒಂದು ಮಟ್ಟಕ್ಕೆ ಬಂದಾಗ ಫ್ಲೋಟ್ ಮೇಲೆದ್ದು, ಚೂಪು ಮೂತಿಯ ನೀಡಲ್ ವಾಲ್ವ್ ಅನ್ನು ಒತ್ತಿ ಮುಚ್ಚುತ್ತದೆ. ಆ ಮೂತಿ ಸವೆದರೆ ಅಥವಾ ಅದಕ್ಕೊಂದು ಕಸದ ಚೂರು ಸಿಕ್ಕಿಕೊಂಡರೆ ಪೆಟ್ರೋಲ್ ನಿಲ್ಲದೆ ತುಂಬಿ ಪೈಪಿನಿಂದ ಸುರಿಯುತ್ತದೆ. ಇದಕ್ಕೇ ಓವರ್‌ಫ್ಲೋ ಅನ್ನೋದು.

ಬೌಲಿನ ಮೇಲೆ ಗಾಳಿ ಹೋಗುವ ದಾರಿ ಇದೆ. ಅದರ ನಡುಭಾಗ ಸ್ವಲ್ಪ ಕಿರಿದು. ಕಿರಿದಾದ ಜಾಗದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಅಲ್ಲಿನ ಒತ್ತಡ ಕಡಿಮೆಯಾಗುತ್ತದೆ. ಬೌಲಿನೊಳಗೆ ಮಾತ್ರ ಹೊರಗಿನ ಗಾಳಿಯ ಪೂರ್ತಿ ಒತ್ತಡವೇ ಇರುತ್ತದೆ, ಯಾಕೆಂದರೆ ಅದಕ್ಕೆ ಒಂದು ಸಣ್ಣ ಗಾಳಿ ಪೈಪ್ ಇದೆ. ಹೆಚ್ಚು ಒತ್ತಡ ಇರುವ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಪೆಟ್ರೋಲ್ ಜೆಟ್ ಮೂಲಕ, ಅಂದರೆ ಅಳತೆ ಮಾಡಿದ ಆ ಹಿತ್ತಾಳೆ ತೂತಿನ ಮೂಲಕ, ಚಿಮ್ಮುತ್ತದೆ. ಇಂಜಿನ್ ಪೆಟ್ರೋಲ್ ಎಳೆದುಕೊಳ್ಳುತ್ತದೆ ಅಂತ ನಾವು ಹೇಳುತ್ತೇವೆ. ನಿಜಕ್ಕೂ ಅದನ್ನು ತಳ್ಳುವುದು ಹೊರಗಿನ ಗಾಳಿ.

ಇದನ್ನು ಅರ್ಥ ಮಾಡಿಕೊಂಡರೆ ಕೆಲವು ವಿಚಿತ್ರ ತೊಂದರೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಆ ಗಾಳಿ ಪೈಪಿನಲ್ಲಿ ಮಣ್ಣು ಕೂತರೆ ಪೆಟ್ರೋಲನ್ನು ತಳ್ಳುವ ಒತ್ತಡ ಕಡಿಮೆಯಾಗುತ್ತದೆ. ಟ್ಯಾಂಕ್ ಮುಚ್ಚಳದ ತೂತು ಕಟ್ಟಿದರೆ ಬೌಲಿಗೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಗಾಡಿ ಒಂದಷ್ಟು ದೂರ ಓಡಿ ನಿಲ್ಲುತ್ತೆ, ಮುಚ್ಚಳ ತೆಗೆದು ಹಾಕಿದರೆ ಮತ್ತೆ ಓಡುತ್ತೆ ಅಂದರೆ ಕಾರ್ಬೊರೇಟರ್ ಬಿಚ್ಚುವ ಅಗತ್ಯವೇ ಇಲ್ಲ.

ಆಕ್ಸಿಲರೇಟರ್ ಎಷ್ಟು ತಿರುಗಿದೆ ಅನ್ನೋದೇ ಲೆಕ್ಕ

ಕಾರ್ಬೊರೇಟರ್ ಒಂದೇ ಯಂತ್ರದ ಹಾಗೆ ಕಂಡರೂ ಒಳಗೆ ಹಲವು ದಾರಿಗಳಿವೆ. ಆಕ್ಸಿಲರೇಟರ್ ಎಷ್ಟು ತೆರೆದಿದೆ ಅನ್ನೋದರ ಮೇಲೆ ಯಾವ ದಾರಿಯಿಂದ ಪೆಟ್ರೋಲ್ ಬರಬೇಕು ಅನ್ನೋದು ನಿರ್ಧಾರವಾಗುತ್ತದೆ. ಗಾಡಿಯ ಸ್ಪೀಡ್ ಇಲ್ಲಿ ಲೆಕ್ಕಕ್ಕಿಲ್ಲ. ಅರ್ಧ ಕೆಲಸ ಕೆಡುವುದು ಇದನ್ನು ಮರೆತಾಗಲೇ.

ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಮತ್ತು ಸುಮಾರು ಎಂಟನೇ ಒಂದು ಭಾಗ ತಿರುಗಿಸುವವರೆಗೆ ಕೆಲಸ ಸ್ಲೋ ಜೆಟ್‌ನದ್ದು. ಕೆಲವರು ಪೈಲಟ್ ಜೆಟ್ ಅನ್ನುತ್ತಾರೆ. ಇದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಕೈಹಿನ್ ಕಂಪನಿಯ ಕಾರ್ಬೊರೇಟರ್‌ನಲ್ಲಿ ಜೆಟ್ ಮೇಲೆ 35 ಅಂತ ಬರೆದಿದ್ದರೆ 0.35 ಮಿಲಿಮೀಟರ್ ಅಂತ ಅರ್ಥ. ಎಲ್ಲಕ್ಕಿಂತ ಮೊದಲು ಕಟ್ಟಿಕೊಳ್ಳುವುದು ಇದೇ. ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ತಾನಾಗಿ ಓಡೋದು) ಸ್ಥಿರವಾಗಿ ನಿಲ್ಲದಿದ್ದರೆ, ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗುತ್ತಿದ್ದರೆ, ಬೆಳಿಗ್ಗೆ ಕಿಕ್ ಹೊಡೆದು ಸುಸ್ತಾದರೆ ಮೊದಲ ಅನುಮಾನ ಇದರ ಮೇಲೆ.

ಎಂಟನೇ ಒಂದರಿಂದ ಕಾಲು ಭಾಗದವರೆಗೆ ಸ್ಲೈಡ್‌ನ (ಮೇಲೆ ಕೆಳಗೆ ಜಾರಿ ಗಾಳಿ ದಾರಿಯನ್ನು ತೆರೆದು ಮುಚ್ಚುವ ಬಾಗಿಲು) ಕೆಳತುದಿಯ ಕತ್ತರಿಸಿದ ಆಕಾರ ಕೆಲಸ ಮಾಡುತ್ತದೆ. ಅದನ್ನು ಮನೆಯಲ್ಲಿ ಮುಟ್ಟುವ ಸಂದರ್ಭ ಬರೋದು ಅಪರೂಪ.

ಕಾಲಿನಿಂದ ಮುಕ್ಕಾಲಿನವರೆಗೆ ರಾಜ್ಯಭಾರ ಜೆಟ್ ನೀಡಲ್‌ನದ್ದು. ಮೆಕ್ಯಾನಿಕ್ ಭಾಷೆಯಲ್ಲಿ 'ಪಿನ್'. ಸ್ಲೈಡ್ ಮೇಲೇರಿದಂತೆ ಈ ಚೂಪಾದ ಕಡ್ಡಿಯೂ ಮೇಲೇರಿ, ಅದರ ಸುತ್ತ ಪೆಟ್ರೋಲ್ ಬರುವ ಸಂದು ಹಿಗ್ಗುತ್ತದೆ. ಪಿನ್ ತಲೆಯಲ್ಲಿ ಗೀರುಗಳಿದ್ದು, ಒಂದರಲ್ಲಿ ಸಣ್ಣ ಕ್ಲಿಪ್ ಇರುತ್ತದೆ. ಕ್ಲಿಪ್ ಒಂದು ಗೀರು ಕೆಳಗೆ ಹಾಕಿದರೆ ಪಿನ್ ಮೇಲೇಳುತ್ತದೆ, ಮಿಶ್ರಣ ರಿಚ್ ಆಗುತ್ತದೆ. ಊರೊಳಗೆ ನಾವು ಓಡಿಸುವುದು ಬಹುಪಾಲು ಸ್ಲೋ ಜೆಟ್ ಮತ್ತು ಪಿನ್ ಮೇಲೇ. ಪಿನ್ ಮತ್ತು ಅದು ಓಡಾಡುವ ಕೊಳವೆ ಎರಡೂ ಉಜ್ಜಿ ಸವೆಯುತ್ತವೆ. ಎಷ್ಟು ಕ್ಲೀನ್ ಮಾಡಿದರೂ ಮೈಲೇಜ್ ಬರದ ಹಳೆ ಗಾಡಿಗಳಲ್ಲಿ ಇವೆರಡನ್ನೂ ಒಟ್ಟಿಗೆ ಬದಲಾಯಿಸಬೇಕಾಗಬಹುದು.

ಮುಕ್ಕಾಲಿನಿಂದ ಪೂರ್ತಿ ತಿರುಗಿಸಿದಾಗ ಮೇನ್ ಜೆಟ್. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇದಕ್ಕೆ ಕೆಲಸವೇ ಇಲ್ಲ ಅನ್ನಬಹುದು. ತುಮಕೂರು ರಸ್ತೆಯಲ್ಲಿ ಮುಂದೆ ಖಾಲಿ ಸಿಕ್ಕಾಗ ಮಾತ್ರ ಇದರ ನಿಜ ಬಣ್ಣ ಗೊತ್ತಾಗುತ್ತದೆ.

ಇಲ್ಲೊಂದು ತಮಾಷೆ ಇದೆ. ಬೈಕ್‌ಗಳ ಎಮಿಷನ್ ಟೆಸ್ಟ್ ಮಾಡುವುದು ಐಡ್ಲಿಂಗ್‌ನಲ್ಲಿ. ಅಂದರೆ ಅಳೆಯುವುದು ಹೆಚ್ಚುಕಡಿಮೆ ಸ್ಲೋ ಜೆಟ್ ದಾರಿಯನ್ನಷ್ಟೇ. ಪಿನ್, ಮೇನ್ ಜೆಟ್ ಎರಡೂ ಹದಗೆಟ್ಟಿದ್ದರೂ ಸರ್ಟಿಫಿಕೇಟ್ ಕೈಗೆ ಬರಬಹುದು. ಟೆಸ್ಟ್ ಪಾಸ್ ಆಯ್ತು ಅಂದ ಮಾತ್ರಕ್ಕೆ ಟ್ಯೂನಿಂಗ್ ಸರಿ ಇದೆ ಅಂತ ಅಲ್ಲ.

2000ದ ನಂತರ ಬಂದ ಎಷ್ಟೋ ಗಾಡಿಗಳಲ್ಲಿ, ಉದಾಹರಣೆಗೆ ಕಾರ್ಬೊರೇಟರ್ ಇದ್ದ ಕಾಲದ ಕ್ಲಾಸಿಕ್ 350ರಲ್ಲಿ, ಆಕ್ಸಿಲರೇಟರ್ ಕೇಬಲ್ ನೇರವಾಗಿ ಸ್ಲೈಡನ್ನು ಎತ್ತುವುದಿಲ್ಲ. ಕೇಬಲ್ ಒಂದು ಚಿಟ್ಟೆ ತಟ್ಟೆಯನ್ನು ತಿರುಗಿಸುತ್ತದೆ, ಸ್ಲೈಡ್ ಮೇಲೇಳುವುದು ಒತ್ತಡದ ವ್ಯತ್ಯಾಸದಿಂದ. ಅದಕ್ಕಾಗಿ ಮೇಲೆ ತೆಳುವಾದ ರಬ್ಬರ್ ಡಯಾಫ್ರಾಮ್ ಇರುತ್ತದೆ. ಅದು ಹರಿದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್‌ನಲ್ಲೂ ನಿಲ್ಲುತ್ತದೆ, ಆದರೆ ಎಷ್ಟು ತಿರುಗಿಸಿದರೂ ಎಳೆಯುವುದಿಲ್ಲ.

ಇ20 ಇಲ್ಲಿ ಏನು ಮಾಡುತ್ತದೆ

ಇ20 ಅಂದರೆ 20 ಪರ್ಸೆಂಟ್ ಎಥನಾಲ್, ಉಳಿದದ್ದು ಪೆಟ್ರೋಲ್. ಎಥನಾಲ್‌ನ ಅಣುವಿನೊಳಗೇ ಆಮ್ಲಜನಕ ಇದೆ. ಹಾಗಾಗಿ ಅದು ಉರಿಯಲು ಹೊರಗಿನ ಗಾಳಿ ಕಡಿಮೆ ಸಾಕು. 1 ಕೆಜಿ ಎಥನಾಲ್‌ಗೆ ಸುಮಾರು 9 ಕೆಜಿ ಗಾಳಿ. ಲೆಕ್ಕ ಹಾಕಿದರೆ 1 ಕೆಜಿ ಇ20ಗೆ ಬೇಕಾದ ಗಾಳಿ ಸುಮಾರು 13.5 ಕೆಜಿ. ಆದರೆ ಜೆಟ್‌ನ ತೂತು ಹಳೆಯದೇ, ಬರುವ ಗಾಳಿಯೂ ಅಷ್ಟೇ. ಫಲ: ಎಥನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದ ಕಾರ್ಬೊರೇಟರ್ ಸುಮಾರು 8 ಪರ್ಸೆಂಟ್ ಲೀನ್ ಆಗುತ್ತದೆ. ಇ10ಗೆ ಹೊಂದಿಸಿದ್ದಾದರೆ ಸುಮಾರು 4 ಪರ್ಸೆಂಟ್. ಒಂದು ಲೀಟರಿನಲ್ಲಿ ಸಿಗುವ ಶಕ್ತಿಯೂ ಶುದ್ಧ ಪೆಟ್ರೋಲಿಗಿಂತ ಸುಮಾರು 6-7 ಪರ್ಸೆಂಟ್ ಕಡಿಮೆ.

ಬೆಳಗಿನ ಸ್ಟಾರ್ಟಿಂಗ್ ಕಷ್ಟಕ್ಕೆ ಬೇರೆ ಕಾರಣವೂ ಇದೆ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ತಣ್ಣಗಿರುವ ಇಂಜಿನ್ ಅಷ್ಟು ಶಾಖ ಎಲ್ಲಿಂದ ತರಬೇಕು? ಹಾಗಾಗಿ ಮಿಶ್ರಣವನ್ನು ತಾತ್ಕಾಲಿಕವಾಗಿ ರಿಚ್ ಮಾಡುವ ಚೋಕ್, ಮೊದಲು ಬೇಡವಾಗಿದ್ದರೂ, ಈಗ ಬೇಕಾಗಬಹುದು. ಅದು ಕಾಯಿಲೆಯ ಲಕ್ಷಣವೇ ಅಲ್ಲ.

ಇನ್ನೊಂದು ಗುಣ, ಎಥನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿ ದಾಟಿದಾಗ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಕೆಳಗೆ ಕೂರುತ್ತವೆ. ಕೆಳಗೆ ಅಂದರೆ ಎಲ್ಲಿ? ಜೆಟ್‌ಗಳ ಬಾಯಿ ಇರುವಲ್ಲೇ. ಕಾರ್ಬೊರೇಟರ್ ಮೈ ಅಲ್ಯುಮಿನಿಯಂ ಅಥವಾ ಸತುವಿನ ಮಿಶ್ರಲೋಹದ್ದು. ತೇವ ನಿಂತರೆ ಬಿಳಿ ಪುಡಿ ಏಳುತ್ತದೆ. ಜೊತೆಗೆ ಎಥನಾಲ್ ಒಳ್ಳೆ ದ್ರಾವಕ. ಹಳೆ ಟ್ಯಾಂಕಿನಲ್ಲಿ ವರ್ಷಗಟ್ಟಲೆ ಅಂಟಿದ್ದ ಕೊಳೆಯನ್ನು ಬಿಡಿಸಿ ಕೆಳಗೆ ಕಳಿಸುತ್ತದೆ. ಹಳೆಯ ರಬ್ಬರ್ ಪೈಪ್, ಓ-ರಿಂಗ್‌ಗಳು ಉಬ್ಬಬಹುದು, ಬಿರುಕು ಬಿಡಬಹುದು.

ಇವೆಲ್ಲಕ್ಕೂ ಸಮಯ ಬೇಕು ಅನ್ನೋದನ್ನು ಗಮನಿಸಿ. ದಿನಾ ಓಡುವ ಗಾಡಿಯಲ್ಲಿ ಪೆಟ್ರೋಲ್ ನಿಲ್ಲುವುದೇ ಇಲ್ಲ. ತೊಂದರೆ ಜಾಸ್ತಿ ಆಗೋದು ತಿಂಗಳುಗಟ್ಟಲೆ ಕವರ್ ಹೊದ್ದು ನಿಂತ ಗಾಡಿಗಳಿಗೆ. ಎಲ್ಲ ತಪ್ಪನ್ನೂ ಇ20 ತಲೆಗೆ ಕಟ್ಟುವ ಮುಂಚೆ ಗಾಡಿ ಎಷ್ಟು ದಿನ ನಿಂತಿತ್ತು ಅಂತ ಕೇಳಿಕೊಳ್ಳೋದು ಒಳ್ಳೆಯದು.

ಬೆಂಗಳೂರಿನ ಎತ್ತರದ ಆಟ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು 10 ಪರ್ಸೆಂಟ್ ತೆಳು. ಗಾಳಿ ತೆಳುವಾದಷ್ಟೂ ಕಾರ್ಬೊರೇಟರ್ ರಿಚ್ ಆಗುತ್ತದೆ, ಆದರೆ ಪೂರ್ತಿ 10 ಪರ್ಸೆಂಟ್ ಅಲ್ಲ. ಗಾಳಿ ತೆಳುವಾದರೆ ಕಿರಿದಾದ ಜಾಗದಲ್ಲಿ ಹುಟ್ಟುವ ಒತ್ತಡದ ವ್ಯತ್ಯಾಸವೂ ಕಡಿಮೆಯಾಗಿ, ಬರುವ ಪೆಟ್ರೋಲೂ ಸ್ವಲ್ಪ ಇಳಿಯುತ್ತದೆ. ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಅದರ ಅರ್ಧ, ಅಂದರೆ 4-5 ಪರ್ಸೆಂಟ್.

ಸಮುದ್ರ ಮಟ್ಟಕ್ಕೆ ಸರಿಯಾಗಿ ಹೊಂದಿಸಿದ ಹಳೆ ಗಾಡಿ ಇಲ್ಲಿ ಅಷ್ಟು ರಿಚ್ ಆಗಿ ಓಡುತ್ತದೆ. ಇ20 ಅದನ್ನು ಲೀನ್ ಕಡೆಗೆ ಎಳೆಯುತ್ತದೆ. ಒಂದು ಇನ್ನೊಂದನ್ನು ಸ್ವಲ್ಪ ಸರಿದೂಗಿಸುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ಕೆಲವು ಗಾಡಿಗಳಿಗೆ ಜೆಟ್ ಬದಲಾವಣೆಯೇ ಬೇಕಾಗಲಿಕ್ಕಿಲ್ಲ. ನಂದಿ ಬೆಟ್ಟ 1,478 ಮೀಟರ್. ಅಲ್ಲಿಗೆ ಹತ್ತಿದಾಗ ಇನ್ನೂ ರಿಚ್.

ಚಿಂತೆ ಮಾಡಬೇಕಾದದ್ದು ಇಳಿಯುವಾಗ. ಮೈಲೇಜಿಗಾಗಿ ಇಲ್ಲೇ ಬಿಗಿಯಾಗಿ ಲೀನ್ ಮಾಡಿಸಿದ ಗಾಡಿ ಶಿರಾಡಿ ಘಾಟಿ ಇಳಿದು ಕರಾವಳಿಯ ಹೆದ್ದಾರಿಯಲ್ಲಿ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಓಡಿದರೆ ಅಲ್ಲಿ ಇನ್ನೂ ಲೀನ್ ಆಗುತ್ತದೆ, ಇಂಜಿನ್ ಕಾಯುತ್ತದೆ. ಟೂ ಸ್ಟ್ರೋಕ್‌ಗಳಿಗೆ ಈ ಅಪಾಯ ಜಾಸ್ತಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬಹುಪಾಲು ಯೆಜ್ಡಿಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಜೆಟ್ ಕಟ್ಟಿಕೊಂಡರೆ ಪೆಟ್ರೋಲಿನ ಜೊತೆ ಆಯಿಲೂ ಕಡಿಮೆಯಾಗುತ್ತದೆ, ಅತ್ತ ಬಿಸಿಯೂ ಏರುತ್ತದೆ. ಪಿಸ್ಟನ್ ಸೀಜ್ ಆಗಲು, ಅಂದರೆ ಸಿಲಿಂಡರಿನಲ್ಲೇ ಸಿಕ್ಕಿಕೊಳ್ಳಲು, ಇಷ್ಟು ಸಾಕು. ಆರ್‌ಎಕ್ಸ್ 100ರಲ್ಲಿ ಆಯಿಲಿಗೆ ಬೇರೆ ಪಂಪ್ ಇರುವುದರಿಂದ ಆಯಿಲ್ ನಿಲ್ಲುವುದಿಲ್ಲ, ಬಿಸಿ ಮಾತ್ರ ಏರುತ್ತದೆ.

ಜೆಟ್ ಬದಲಾಯಿಸಲೇಬೇಕು ಅಂದರೆ ಒಂದೇ ಹೆಜ್ಜೆ ಮೇಲೆ ಹೋಗಿ. 105ರಿಂದ 108ಕ್ಕೆ ಹೋದರೆ ಸಂಖ್ಯೆಯಲ್ಲಿ ವ್ಯತ್ಯಾಸ ಸುಮಾರು 3 ಪರ್ಸೆಂಟ್, ಆದರೆ ತೂತಿನ ವಿಸ್ತೀರ್ಣ ಸುಮಾರು 6 ಪರ್ಸೆಂಟ್ ಹೆಚ್ಚುತ್ತದೆ. ಈ ಲೆಕ್ಕ ತೂತಿನ ಅಳತೆ ಬರೆಯುವ ಕೈಹಿನ್ ಜೆಟ್‌ಗಳದ್ದು. ಮಿಕುನಿ ಕಂಪನಿಯ ಷಡ್ಭುಜ ತಲೆಯ ಮೇನ್ ಜೆಟ್‌ನಲ್ಲಿ ಸಂಖ್ಯೆ ಹೇಳುವುದು ಎಷ್ಟು ಪೆಟ್ರೋಲ್ ಹರಿಯುತ್ತದೆ ಅಂತ. ಎರಡರ ಸಂಖ್ಯೆಯನ್ನೂ ಅದಲುಬದಲು ಮಾಡಬೇಡಿ.

ಬಿಚ್ಚದೆ ರೋಗ ಹಿಡಿಯೋದು

ಒಂದು ತುಂಡು ಮಾಸ್ಕಿಂಗ್ ಟೇಪ್ ಸಾಕು. ಆಕ್ಸಿಲರೇಟರ್ ಹಿಡಿಗೆ ಸುತ್ತಿ, ಪೂರ್ತಿ ಮುಚ್ಚಿದಾಗ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಗುರುತು ಹಾಕಿ. ಹ್ಯಾಂಡಲ್ ಮೇಲೂ ಒಂದು ಗೆರೆ. ಆಮೇಲೆ ಓಡಿಸಿ ತೊಂದರೆ ಯಾವ ಗುರುತಿನಲ್ಲಿ ಬರುತ್ತದೆ ನೋಡಿ. ಕಾಲಿನೊಳಗೆ ಬಂದರೆ ಸ್ಲೋ ಜೆಟ್, ನಡುವೆ ಬಂದರೆ ಪಿನ್, ಕೊನೆಯಲ್ಲಿ ಬಂದರೆ ಮೇನ್ ಜೆಟ್. ಯಾವ ಗುರುತಿನಲ್ಲೂ ಒಂದೇ ತರ ತೊಂದರೆ ಅಂದರೆ ಏರ್ ಫಿಲ್ಟರ್, ಪ್ಲಗ್, ಪೆಟ್ರೋಲ್ ಕಾಕ್ (ಟ್ಯಾಂಕಿನ ನಲ್ಲಿ) ಕಡೆ ಕಣ್ಣು ಹಾಯಿಸಿ.

ಲೀನೋ ರಿಚ್ಚೋ ತಿಳಿಯಲು ಚೋಕ್ ಇದೆಯಲ್ಲ. ತೊಂದರೆ ಬರುವ ಗುರುತಿನಲ್ಲಿ ಅದನ್ನು ಸ್ವಲ್ಪ ಎಳೆಯಿರಿ. ಗಾಡಿ ಚೇತರಿಸಿಕೊಂಡರೆ ಲೀನ್, ಇನ್ನೂ ಮುಗ್ಗರಿಸಿದರೆ ರಿಚ್. ಖಾಲಿ ರಸ್ತೆಯಲ್ಲಿ ಮಾತ್ರ ಮಾಡಿ, ಔಟರ್ ರಿಂಗ್ ರೋಡಿನಲ್ಲಿ ಬೇಡ.

ಕಾರ್ಬೊರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಜೋಡಣೆಯನ್ನೂ ನೋಡಿ. ಅದು ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಐಡ್ಲಿಂಗ್‌ನಲ್ಲಿ ಬಿಟ್ಟು ಅದರ ಮೇಲೆ ಸೋಪು ನೀರು ಹನಿಸಿ. ಇಂಜಿನ್ ಸದ್ದು ಬದಲಾದರೆ ಅಲ್ಲೇ ತೂತು. ಹಾಗಿದ್ದಾಗ ಜೆಟ್ ಮುಟ್ಟುವುದು ದಂಡ.

ಬಿಚ್ಚುವಾಗ

ಮೊದಲು ಜಾಗ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲಕ್ಕಿಳಿದು, ತಗ್ಗಿನಲ್ಲಿ ಶೇಖರವಾಗುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇದಕ್ಕೆ ಅತ್ಯಂತ ಕೆಟ್ಟ ಜಾಗ. ಗ್ಯಾಸ್ ಗೀಸರ್ ಇರುವ ಯುಟಿಲಿಟಿ, ದೀಪ ಉರಿಯುವ ದೇವರ ಮನೆಯ ಪಕ್ಕ, ಇವೂ ಬೇಡ. ತೆರೆದ ಅಂಗಳ ಅಥವಾ ಟೆರೇಸ್ ಆಗಬಹುದು, ಹಗಲಿನಲ್ಲಿ.

ಜಪಾನಿ ಮೂಲದ ಕಾರ್ಬೊರೇಟರ್‌ಗಳ ಸ್ಟಾರ್ ಸ್ಕ್ರೂ ಮಾಮೂಲಿ ಫಿಲಿಪ್ಸ್ ಅಲ್ಲ, ಜಿಸ್ ಅನ್ನುವ ಜಪಾನಿ ಅಳತೆಯದು. ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ಬಲ ಬಿಟ್ಟರೆ ತಲೆ ಸವೆದುಹೋಗುತ್ತದೆ. ಜೆಟ್‌ಗಳು ಹಿತ್ತಾಳೆ, ತುಂಬ ಮೆದು. ಸರಿಯಾದ ಅಗಲದ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಮುಟ್ಟಲೇಬೇಡಿ.

ಬದಿಯಲ್ಲಿರುವ, ಐಡ್ಲಿಂಗ್‌ನ ಮಿಶ್ರಣ ಹೊಂದಿಸುವ ಟ್ಯೂನಿಂಗ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲಗೆ ಒಳಗೆ ತಿರುಗಿಸಿ, ತಳ ಮುಟ್ಟಲು ಎಷ್ಟು ಸುತ್ತು ಬೇಕಾಯಿತು ಅಂತ ಬರೆದಿಡಿ. ವಾಪಸ್ ಹಾಕುವಾಗ ಅಷ್ಟೇ ಸುತ್ತು ಹೊರಗೆ. ಈ ಸ್ಕ್ರೂ ಎರಡು ತರ. ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯದ್ದು, ಹೊರಗೆ ತಿರುಗಿಸಿದರೆ ಲೀನ್. ಇಂಜಿನ್ ಕಡೆಗಿದ್ದರೆ ಪೆಟ್ರೋಲಿನದ್ದು, ಹೊರಗೆ ತಿರುಗಿಸಿದರೆ ರಿಚ್. ಒಬ್ಬರ ಬೈಕಿನ ಸಲಹೆ ಇನ್ನೊಬ್ಬರ ಬೈಕಿಗೆ ಉಲ್ಟಾ ಹೊಡೆಯೋದು ಇದರಿಂದಲೇ.

ಡಯಾಫ್ರಾಮ್, ಓ-ರಿಂಗ್, ಫ್ಲೋಟ್ ಎಲ್ಲ ತೆಗೆದ ಮೇಲೆಯೇ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಅದು ರಬ್ಬರನ್ನು ಹಾಳು ಮಾಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ಮುಖಕ್ಕೆ ಚಿಮ್ಮುತ್ತದೆ. ಸ್ಪ್ರೇಗೆ ಜಗ್ಗದಿದ್ದರೆ ಏರ್ ಕಂಪ್ರೆಸರ್. ತಂತಿ ಹಾಕಬೇಡಿ. 0.35 ಮಿಲಿಮೀಟರ್ ತೂತು ತಂತಿಯಿಂದ 0.37 ಆದರೂ ವಿಸ್ತೀರ್ಣ 10 ಪರ್ಸೆಂಟಿಗಿಂತ ಹೆಚ್ಚು ಬದಲಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಬೇಕೇ ಬೇಕು ಅಂದರೆ ನೈಲಾನ್ ಎಳೆ. ಜೆಟ್ಟನ್ನು ಬೆಳಕಿಗೆ ಹಿಡಿದಾಗ ತೂತು ದುಂಡಗೆ, ಸ್ವಚ್ಛವಾಗಿ ಕಾಣಬೇಕು.

ಬಿಡಿಭಾಗಗಳಿಗೆ ಜೆ.ಸಿ. ರಸ್ತೆ, ಸಾಮಾನುಗಳಿಗೆ ಎಸ್.ಪಿ. ರಸ್ತೆ ಬೆಂಗಳೂರಿನವರಿಗೆ ಹೊಸದಲ್ಲ. ಅಗ್ಗದ ರಿಪೇರಿ ಕಿಟ್‌ನಲ್ಲಿ ರಬ್ಬರ್, ಗ್ಯಾಸ್ಕೆಟ್ ಜೊತೆ ಹೊಸ ಜೆಟ್ಟೂ ಬರುತ್ತದೆ. ರಬ್ಬರ್, ಗ್ಯಾಸ್ಕೆಟ್ ಬಳಸಿ. ಕಂಪನಿಯ ಹಳೆ ಜೆಟ್ ಸವೆದಿಲ್ಲದಿದ್ದರೆ ತೊಳೆದು ಅದನ್ನೇ ಹಾಕಿ, ಅದರ ಅಳತೆ ನಂಬಬಹುದು. ಓ-ರಿಂಗ್ ಕೊಳ್ಳುವಾಗ ವೈಟಾನ್ ರಬ್ಬರಿನದು ಅಂತ ಕೇಳಿ, ಎಥನಾಲನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಬೌಲಿನಿಂದ ಇಳಿಸಿದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಆಗ ಕಾರ್ಬೊರೇಟರ್ ತೊಳೆದರೆ ಸಾಲದು, ಟ್ಯಾಂಕನ್ನೂ ಖಾಲಿ ಮಾಡಬೇಕು. ಆ ಪೆಟ್ರೋಲನ್ನು ಮೋರಿಗೆ ಸುರಿಯಬೇಡಿ, ಗ್ಯಾರೇಜಿಗೆ ಕೊಡಿ.

ಗಾಡಿ ನಿಲ್ಲಿಸಿ ಊರಿಗೆ ಹೋಗುವಾಗ

ಎರಡು ವಾರಕ್ಕಿಂತ ಹೆಚ್ಚು ನಿಲ್ಲುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಆಗಲೂ ಬೌಲಿನ ತಳದಲ್ಲಿ ಸ್ವಲ್ಪ ಉಳಿಯುತ್ತದೆ. ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಅದನ್ನೂ ಇಳಿಸಿ. ಕಬ್ಬಿಣದ ಟ್ಯಾಂಕನ್ನು ಅರ್ಧ ಬಿಡುವ ಬದಲು ತುಂಬಿಸಿಡಿ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ತೇವ ಕಡಿಮೆ. ವಾಪಸ್ ಬಂದಾಗ ಕಾಕ್ ತೆರೆದ ತಕ್ಷಣ ಕಿಕ್ ಹೊಡೆಯಬೇಡಿ. ಬೌಲ್ ತುಂಬಲು ಅರ್ಧ ನಿಮಿಷ ಬಿಟ್ಟು, ಚೋಕ್ ಎಳೆದು, ಆಮೇಲೆ ಹೊಡೆಯಿರಿ.